ಪ್ರವಾಸದಲ್ಲಿ ಕ್ವಾಡ್ ಮತ್ತು ಬಗ್ಗಿ ಸವಾರಿ: ಬೈಕಿನ ಅಭ್ಯಾಸವನ್ನು ಊರಲ್ಲೇ ಬಿಟ್ಟು ಹೊರಡಿ

ಬೇಸಿಗೆ ರಜೆ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಕಡೆಯ ಕುಟುಂಬಗಳು ಬಿಸಿಲಿಗೆ ಬೆನ್ನು ಹಾಕಿ ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿಯ ಕಡೆಗೆ ಹೊರಡುವುದು ವಾಡಿಕೆ. ಹೋಂಸ್ಟೇ ತಲುಪಿ, ಚೀಲ ಇಳಿಸಿ, ಹಿರಿಯರು ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಮಕ್ಕಳ ಕಣ್ಣು ತೋಟದ ಅಂಚಿನಲ್ಲಿ ಸಾಲಾಗಿ ನಿಂತ ದಪ್ಪ ಟೈರಿನ, ನಾಲ್ಕು ಚಕ್ರದ ಗಾಡಿಗಳ ಮೇಲೆ ಬಿದ್ದಿರುತ್ತದೆ. ಕೆಲವರು ಅದನ್ನು ಎಟಿವಿ ಎನ್ನುತ್ತಾರೆ, ಕೆಲವರು ಕ್ವಾಡ್ ಬೈಕ್ ಎನ್ನುತ್ತಾರೆ. ಕಾರಿನಂತೆ ಸ್ಟೇರಿಂಗ್ ಮತ್ತು ಸೀಟುಗಳಿರುವ, ಮೇಲೆ ಕಬ್ಬಿಣದ ಪೈಪಿನ ಚೌಕಟ್ಟು ಇರುವ ಗಾಡಿಗೆ ಬಗ್ಗಿ ಎಂದು ಹೆಸರು. ಎರಡೂ ಡಾಂಬರು ಕಾಣದ ದಾರಿಗೆಂದೇ ಹುಟ್ಟಿದವು, ಎರಡರಲ್ಲೂ ನಿಜವಾದ ಸಂತೋಷವಿದೆ. ಆ ಸಂತೋಷ ಪೆಟ್ಟಿಲ್ಲದೆ ಮುಗಿಯಬೇಕಾದರೆ ಏನೇನು ತಿಳಿದಿರಬೇಕು ಎಂಬುದನ್ನು ನನ್ನ ಹಲವು ಸವಾರಿಗಳ ಅನುಭವದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರುಗಳಲ್ಲಿ ಬಹುತೇಕ ಎಲ್ಲರಿಗೂ ಬೈಕ್ ಅಥವಾ ಸ್ಕೂಟರ್ ಓಡಿಸಲು ಬರುತ್ತದೆ, ಕ್ವಾಡ್ ಮೇಲೆ ಕೂತಾಗ ಅಪಾಯ ತರುವುದೂ ಆ ಅಭ್ಯಾಸವೇ. ನನ್ನ ಮೊದಲ ಸವಾರಿಯ ಹೊತ್ತಿಗೆ ನಾನು ಹದಿನೈದು ವರ್ಷಗಳಿಂದ ಪಿ.ಬಿ. ರಸ್ತೆಯ ವಾಹನ ದಟ್ಟಣೆಯಲ್ಲಿ ಬೈಕ್ ಓಡಿಸಿದ್ದವನು. ಕಾಫಿ ತೋಟವೊಂದರ ಸಣ್ಣ ತಿರುವಿನಲ್ಲಿ ಗಾಡಿ ಸ್ವಲ್ಪ ಓರೆಯಾಯಿತು, ಬೈಕ್ ಸವಾರನ ಎಡಗಾಲು ಯಾವ ಯೋಚನೆಯೂ ಇಲ್ಲದೆ ತಾನಾಗಿಯೇ ನೆಲಕ್ಕೆ ಇಳಿಯಿತು. ಬೈಕಿನಲ್ಲಿ ಕಾಲಿನ ಹಿಂದೆ ಏನೂ ಇರುವುದಿಲ್ಲ. ಕ್ವಾಡಿನಲ್ಲಿ ಕಾಲಿನ ನೇರ ಹಿಂದೆ ಹಿಂಬದಿಯ ಚಕ್ರವಿರುತ್ತದೆ. ಅದು ನನ್ನ ಶೂಸಿನ ಹಿಮ್ಮಡಿಯನ್ನು ಕಚ್ಚಿ, ಪಾದವನ್ನು ಹಿಂದಕ್ಕೆ ಎಳೆದುಕೊಂಡು, ಮೀನಖಂಡದ ಮೇಲೆ ಅರ್ಧಕ್ಕೆ ಹತ್ತಿ ನಿಂತಿತು. ಮಣ್ಣು ಮೆತ್ತಗಿದ್ದ ಕಾರಣ ಮೂಳೆ ಉಳಿಯಿತು, ಆದರೆ ಟೈರಿನ ಹಲ್ಲುಗಳ ಅಚ್ಚು ಚರ್ಮದ ಮೇಲೆ ಎರಡು ವಾರ ನೀಲಿಯಾಗಿ ಉಳಿದಿತ್ತು. ಗಾಡಿ ಕೊಟ್ಟವರು ಎಕ್ಸಲೇಟರ್ ತೋರಿಸಿದ್ದರು, ಬ್ರೇಕ್ ತೋರಿಸಿದ್ದರು, ಕಾಲನ್ನು ಮಾತ್ರ ಫುಟ್‌ರೆಸ್ಟಿನಿಂದ ತೆಗೆಯಬಾರದೆಂದು ಹೇಳಿರಲಿಲ್ಲ.

ಅದೇ ದಿನ, ಅದೇ ದಾರಿಯಲ್ಲಿ, ಜಗಳೂರು ತಾಲ್ಲೂಕಿನಲ್ಲಿ ಮೆಕ್ಕೆಜೋಳ ಬೆಳೆಯುವ ನನ್ನ ಭಾವಮೈದುನ ಯಾವ ತೊಂದರೆಯೂ ಇಲ್ಲದೆ ಗಾಡಿ ನಡೆಸಿದ. ನನ್ನನ್ನು ಎಬ್ಬಿಸಿ ಕೂರಿಸುತ್ತಾ ಅವನು ಹೇಳಿದ ಮಾತು ಇದು: "ಭಾವ, ಇದು ಬೈಕ್ ಅಲ್ರಿ, ಸಣ್ಣ ಟ್ರ್ಯಾಕ್ಟ್ರು. ಕಾಲು ಮ್ಯಾಲೆ ಇಟ್ಕಂಡು ಕುಂದ್ರ್ರಿ." ಕ್ವಾಡ್ ಸವಾರಿಯ ಬಗ್ಗೆ ಇದಕ್ಕಿಂತ ಉಪಯುಕ್ತವಾದ ಪಾಠವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಯಂತ್ರದ ಸ್ವಭಾವ

ಆ ಹೋಲಿಕೆ ಏಕೆ ಸರಿಯೆಂಬುದನ್ನು ಸ್ವಲ್ಪ ವಿವರಿಸಬೇಕು. ಬೈಕ್ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ, ಸವಾರ ಅದರ ಜೊತೆಗೇ ವಾಲುತ್ತಾನೆ. ಕ್ವಾಡ್ ವಾಲುವುದಿಲ್ಲ. ಅದು ನಾಲ್ಕು ಕಾಲಿನ ಮೇಲೆ ನೆಟ್ಟಗೆ ನಿಂತೇ ತಿರುಗುತ್ತದೆ, ಸವಾರನನ್ನು ಹೊರಕ್ಕೆ ಎಸೆಯಲು ನೋಡುತ್ತದೆ, ವೇಗ ಹೆಚ್ಚಾದರೆ ಒಳಬದಿಯ ಎರಡೂ ಚಕ್ರಗಳು ನೆಲ ಬಿಡುತ್ತವೆ. ಅನೇಕ ಕ್ವಾಡ್‌ಗಳಲ್ಲಿ ಹಿಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಆಕ್ಸೆಲ್‌ಗೆ ಕೂಡಿಕೊಂಡಿದ್ದು, ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಗದ್ದೆಯಲ್ಲಿ ಡಿಫರೆನ್ಶಿಯಲ್ ಲಾಕ್ (ಹಿಂದಿನ ಎರಡೂ ಚಕ್ರಗಳನ್ನು ಒಂದೇ ವೇಗಕ್ಕೆ ಕಟ್ಟುವ ಕೀಲು) ಹಾಕಿದ ಟ್ರ್ಯಾಕ್ಟರ್ ತಿರುಗಲು ಒಪ್ಪದೆ ನೇರವಾಗಿಯೇ ನುಗ್ಗುವುದನ್ನು ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಕ್ವಾಡ್ ಕೂಡ ಹಾಗೆಯೇ ಹ್ಯಾಂಡಲ್ ತಿರುಗಿಸಿದರೂ ಮೊದಲು ನೇರಕ್ಕೆ ತಳ್ಳುತ್ತದೆ, ಮೈಭಾರವನ್ನು ಸರಿಸಿದರೆ ಮಾತ್ರ ಮಾತು ಕೇಳುತ್ತದೆ.

ಟೈರಿನ ಗಾಳಿಯೂ ಬೇರೆಯೇ. ಬೈಕಿನ ಟೈರಿಗೆ 25ರಿಂದ 35 ಪಿಎಸ್‌ಐ ಗಾಳಿ ಹಿಡಿಸುವ ನಾವು, ಕ್ವಾಡ್ ಟೈರಿನಲ್ಲಿ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ ಮಾತ್ರ ಇರುತ್ತದೆ ಎಂದರೆ ಪಂಕ್ಚರ್ ಆಗಿದೆ ಎಂದೇ ತಿಳಿಯುತ್ತೇವೆ. ಆ ಮೆತ್ತನೆಯ ಟೈರು ಕಲ್ಲನ್ನೂ ಬೇರನ್ನೂ ಅಪ್ಪಿಕೊಂಡು ಸಾಗುತ್ತದೆ, ಕೆಸರಿನಲ್ಲಿ ಅಗಲವಾಗಿ ಹರಡಿಕೊಂಡು ಹೂಳದೆ ಉಳಿಯುತ್ತದೆ. ಡಾಂಬರು ರಸ್ತೆಯ ಮೇಲೆ ಅದೇ ಟೈರು ತೊಯ್ದಾಡುತ್ತದೆ, ತಿರುವಿನಲ್ಲಿ ಸರಿಯಾದ ಹಿಡಿತ ಕೊಡುವುದಿಲ್ಲ. ಹೋಂಸ್ಟೇಯವರು "ಇಲ್ಲೇ ರಸ್ತೆಯಲ್ಲಿ ಒಂದು ರೌಂಡ್ ಹೋಗಿ ಬನ್ನಿ" ಎಂದರೂ ಒಪ್ಪಬೇಡಿ. ನೋಂದಣಿ ಫಲಕವಿಲ್ಲದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ಇಳಿಸುವುದು ಕಾನೂನಿಗೂ ವಿರುದ್ಧ, ಮೈಗೂ ಕ್ಷೇಮವಲ್ಲ.

ನಾಲ್ಕು ಚಕ್ರ ಇದೆ, ಬೀಳುವುದೆಲ್ಲಿಂದ ಬಂತು ಎಂಬ ಧೈರ್ಯ ಬಹಳ ಜನರಿಗಿರುತ್ತದೆ. ಈ ವಾಹನಗಳ ಚರಿತ್ರೆಯೇ ಅದಕ್ಕೆ ಉತ್ತರ ಕೊಡುತ್ತದೆ. ಹೋಂಡಾ ಕಂಪನಿ 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಿಟ್ಟದ್ದು ಮೂರು ಚಕ್ರದ ಗಾಡಿ. ಸುಜುಕಿಯ ನಾಲ್ಕು ಚಕ್ರದ ಗಾಡಿ ಬಂದದ್ದು 1982ರಲ್ಲಿ. ಮೂರು ಚಕ್ರದವು ಉರುಳಿ ಸಾವುನೋವು ಹೆಚ್ಚಾದಾಗ, 1988ರಲ್ಲಿ ತಯಾರಕರು ಅಮೆರಿಕ ಸರ್ಕಾರದೊಡನೆ ಒಪ್ಪಂದಕ್ಕೆ ಬಂದು ಅವುಗಳ ಮಾರಾಟವನ್ನೇ ನಿಲ್ಲಿಸಿದರು. ನಾಲ್ಕನೆಯ ಚಕ್ರ ಬಂದ ಮೇಲೆ ಉರುಳುವುದು ಕಡಿಮೆಯಾಯಿತು, ನಿಂತುಹೋಗಲಿಲ್ಲ. ದೊಡ್ಡ ಕ್ವಾಡ್ ಒಂದು ಮುನ್ನೂರು ಕಿಲೋ ದಾಟಿ ತೂಗುತ್ತದೆ. ಅದು ಮಗುಚಿ ಮೈಮೇಲೆ ಬಂದರೆ ಒಬ್ಬರಿಂದ ಎತ್ತಲು ಸಾಧ್ಯವಿಲ್ಲ.

ಎಲ್ಲಿ ಓಡಿಸಬೇಕು, ಎಲ್ಲಿ ಕೂಡದು

ಹೊಸಬರಿಗೆ ಖಾಸಗಿ ತೋಟದೊಳಗಿನ ದಾರಿಯೇ ಉತ್ತಮ. ಮರದ ನೆರಳಿರುತ್ತದೆ, ಎದುರಿನಿಂದ ಬೇರೆ ವಾಹನ ಬರುವುದಿಲ್ಲ, ದಾರಿಯ ಪ್ರತಿ ಗುಂಡಿಯನ್ನೂ ಬಲ್ಲ ಕೆಲಸದವರು ಜೊತೆಗಿರುತ್ತಾರೆ. ಸಾಧ್ಯವಾದರೆ ಟೈರುಗಳನ್ನು ಸುತ್ತ ಜೋಡಿಸಿದ ಸಣ್ಣ ಬಯಲಿನಲ್ಲಿ ಮೊದಲು ನಾಲ್ಕಾರು ಸುತ್ತು ಹಾಕಿ, ನಂತರ ದಾರಿಗೆ ಇಳಿಯಬೇಕು. ಮಲೆನಾಡಿನಲ್ಲಿ ಮುಂಗಾರು ಹಿಡಿದ ಮೇಲೆ ತೋಟದ ಜೇಡಿಮಣ್ಣು ಸೋಪಿನಂತೆ ಜಾರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸವಾರಿಯನ್ನು ಅನುಭವಸ್ಥರಿಗೆ ಬಿಟ್ಟು, ಮೊದಲ ಬಾರಿಯವರು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ನಮ್ಮದೇ ಜಿಲ್ಲೆಗಳ ಬಯಲನ್ನು ನೋಡಿ, ಒಂದು ಗಾಡಿ ತಂದು ಇಲ್ಲೇ ಓಡಿಸಬಹುದಲ್ಲ ಎಂದು ಹಲವು ಯುವಕರು ನನ್ನನ್ನು ಕೇಳಿದ್ದಾರೆ. ಅವರಿಗೆ ಹೇಳುವುದನ್ನೇ ಇಲ್ಲಿಯೂ ಹೇಳುತ್ತೇನೆ. ಚಳ್ಳಕೆರೆ ಸೀಮೆಯ ಅಮೃತ್ ಮಹಲ್ ಕಾವಲುಗಳು, ಅಂದರೆ ಆ ತಳಿಯ ದನಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲುಗಳು, ಕಣ್ಣಿಗೆ ಬರಿಯ ಒಣಹುಲ್ಲಾಗಿ ಕಂಡರೂ, ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳಿಗೂ ಕೃಷ್ಣಮೃಗಗಳಿಗೂ ಅವೇ ಮನೆ. ದಪ್ಪ ಟೈರು ಒಮ್ಮೆ ಹಾದುಹೋದರೆ ಹುಲ್ಲಿನ ನಡುವಿನ ಗೂಡು ಅಲ್ಲಿಗೆ ಮುಗಿಯಿತು. ಜಗಳೂರಿನ ರಂಗಯ್ಯನದುರ್ಗವನ್ನು 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಧಾಮವೆಂದು ಘೋಷಿಸಲಾಗಿದೆ, ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿಯೂ ಕಾಯ್ದಿಟ್ಟ ಕಾಡು. ಇಂತಹ ಕಡೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಏಳು ಸುತ್ತಿನ ಕೋಟೆಯ ಹಿಂಬದಿಯ ಬಂಡೆಗಳಲ್ಲಿ, ಚಂದ್ರವಳ್ಳಿಯ ಕೆರೆಯಂಗಳದಲ್ಲಿ ಚಕ್ರದ ಗುರುತು ಬೀಳಬಾರದು ಎಂಬುದನ್ನು ಇಲ್ಲಿ ಹುಟ್ಟಿದವರಿಗೆ ಕಾನೂನು ತೋರಿಸಿ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ. ಗೋವೆಗೆ ಹೋಗುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಅಲ್ಲಿ ಕಡಲತೀರದ ಮರಳಿನ ಮೇಲೆ ವಾಹನ ಓಡಿಸಲು ನಿಷೇಧವಿದೆ, ಮೋರ್ಜಿಂ, ಅಗೋಂದ, ಗಾಲ್ಜಿಬಾಗ ತೀರಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ.

ಹಣ ಕೊಡುವ ಮುನ್ನ

ಸವಾರಿಯ ದರವನ್ನು ಕೆಲವರು ರೌಂಡಿನ ಲೆಕ್ಕದಲ್ಲಿ, ಕೆಲವರು ನಿಮಿಷದ ಲೆಕ್ಕದಲ್ಲಿ ಹೇಳುತ್ತಾರೆ. ದರಕ್ಕೆ ಚೌಕಾಸಿ ಮಾಡುವ ಮೊದಲು ಹೆಲ್ಮೆಟ್ ಕೊಡುತ್ತೀರಾ, ಮುಂದೆ ಒಬ್ಬರು ದಾರಿ ತೋರಿಸುತ್ತಾ ಬರುತ್ತಾರಾ, ಗಾಡಿ ಎಷ್ಟು ಸಿಸಿಯದು, ಪೆಟ್ಟಾದರೆ ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂದು ಕೇಳಿ. ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರಿಸುವವರು ಸಾಮಾನ್ಯವಾಗಿ ಉಳಿದ ವಿಷಯಗಳಲ್ಲೂ ಎಚ್ಚರದಿಂದಿರುತ್ತಾರೆ ಎಂಬುದನ್ನು ನಾನು ಗಮನಿಸಿದ್ದೇನೆ.

ಗಾಡಿಯನ್ನು ನೀವೇ ಒಮ್ಮೆ ಸುತ್ತಿ ನೋಡಬೇಕು. ನಾಲ್ಕೂ ಟೈರುಗಳನ್ನು ಹೆಬ್ಬೆರಳಿನಿಂದ ಒತ್ತಿ, ಎಡಬಲಗಳಲ್ಲಿ ಒಂದೇ ಮೆತುವಿದೆಯೇ ಎಂದು ತಿಳಿಯಿರಿ. ಒಂದು ಬದಿಯಲ್ಲಿ ಗಾಳಿ ಕಡಿಮೆಯಿದ್ದರೆ ಗಾಡಿ ಆ ಬದಿಗೇ ಎಳೆಯುತ್ತದೆ. ಬ್ರೇಕ್ ಹಿಡಿದು ಗಾಡಿಯನ್ನು ಹಿಂದಿನಿಂದ ತಳ್ಳಿ ನೋಡಿ. ಎಂಜಿನ್ ಬಂದ್ ಇರುವಾಗ ಎಕ್ಸಲೇಟರ್ ಒತ್ತಿ ಬಿಡಿ, ಅದು ಟಕ್ಕನೆ ತನ್ನ ಜಾಗಕ್ಕೆ ಮರಳಬೇಕು. ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ ಇದನ್ನೇ ಮತ್ತೆ ಮಾಡಿ, ಏಕೆಂದರೆ ಹಳೆಯ ಕೇಬಲ್ ನೇರವಿದ್ದಾಗ ಸರಿಯಾಗಿ ಕೆಲಸ ಮಾಡಿ, ತಿರುಗಿಸಿದಾಗ ಸಿಕ್ಕಿಕೊಳ್ಳಬಹುದು. ಎಂಜಿನ್ ನಿಲ್ಲಿಸುವ ಕೆಂಪು ಗುಂಡಿ ಎಲ್ಲಿದೆ ಎಂದು ಕೇಳಿ, ಕಣ್ಣು ಮುಚ್ಚಿಕೊಂಡು ಅದನ್ನು ಮುಟ್ಟುವಷ್ಟು ಅಭ್ಯಾಸ ಮಾಡಿಕೊಳ್ಳಿ. ಕೆಲವು ಗಾಡಿಗಳಲ್ಲಿ ಸವಾರನ ಮಣಿಕಟ್ಟಿಗೆ ಕಟ್ಟುವ ದಾರ ಇರುತ್ತದೆ, ಸವಾರ ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲುತ್ತದೆ. ದಾರ ಇದ್ದರೆ ಕಟ್ಟಿಕೊಳ್ಳದೆ ಹೊರಡಬೇಡಿ.

ಸಹಿಗೆಂದು ಕೊಡುವ ಒಪ್ಪಿಗೆ ಪತ್ರವನ್ನು ಓದಿ, ಮೊಬೈಲಿನಲ್ಲಿ ಅದರ ಫೋಟೋ ಇಟ್ಟುಕೊಳ್ಳಿ. ಅನೇಕ ವಿಮಾ ಪಾಲಿಸಿಗಳಲ್ಲಿ, ಅದರಲ್ಲೂ ವಿದೇಶ ಪ್ರವಾಸದ ಪಾಲಿಸಿಗಳಲ್ಲಿ, ಸಾಹಸ ಕ್ರೀಡೆಯ ಗಾಯಕ್ಕೆ ಹಣ ಸಿಗುವುದಿಲ್ಲವೆಂಬ ಷರತ್ತು ಇರುತ್ತದೆ. ಹೊರಡುವ ಮೊದಲೇ ಏಜೆಂಟರನ್ನು ಕೇಳಿ, ಬೇಕಾದರೆ ಸ್ವಲ್ಪ ಹೆಚ್ಚು ಕಂತು ಕಟ್ಟಿ ಅದನ್ನು ಸೇರಿಸಿಕೊಳ್ಳಬೇಕು.

ಮಕ್ಕಳ ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿಯೇ ಮಾತನಾಡುತ್ತೇನೆ, ಯಾರಿಗಾದರೂ ಬೇಸರವಾದರೂ ಸರಿ. ಹದಿನಾರು ವರ್ಷದೊಳಗಿನವರು ಎಟಿವಿ ಓಡಿಸಲೂ ಬಾರದು, ಅದರ ಮೇಲೆ ಕೂತು ಹೋಗಲೂ ಬಾರದು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆ. ನಮ್ಮಲ್ಲಿ ಅಪ್ಪಂದಿರು ಐದು ವರ್ಷದ ಮಗುವನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡ ಹಾಗೆ ಕ್ವಾಡಿನಲ್ಲೂ ಮುಂದೆ ಕೂರಿಸಿಕೊಳ್ಳುತ್ತಾರೆ. ಮಗು ಆಸರೆಗೆಂದು ಹ್ಯಾಂಡಲ್ ಹಿಡಿಯುತ್ತದೆ, ಅದರ ಪುಟ್ಟ ಕೈ ಹೋಗುವುದು ನೇರವಾಗಿ ಎಕ್ಸಲೇಟರಿನ ಮೇಲೆ. ಗುಂಡಿಯಲ್ಲಿ ಗಾಡಿ ನಿಂತರೆ ಮಗುವಿನ ಎದೆ ಹ್ಯಾಂಡಲ್ಲಿಗೆ, ಅಪ್ಪನ ಭಾರ ಮಗುವಿನ ಬೆನ್ನಿಗೆ. ಚಿಕ್ಕ ಮಕ್ಕಳು ಇರುವ ಕುಟುಂಬ ಕ್ವಾಡನ್ನು ಬಿಟ್ಟು ಬೇರೆ ಆಟ ಹುಡುಕುವುದೇ ಸರಿ. ಬೆನ್ನುಮೂಳೆಯ ಡಿಸ್ಕ್ ತೊಂದರೆ ಇರುವವರು, ಗರ್ಭಿಣಿಯರು, ಹೃದಯದ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಕೂಡ ಹತ್ತಬಾರದು.

ಉಡುಪು

ಪ್ಯಾಂಟು, ಉದ್ದ ತೋಳಿನ ಅಂಗಿ, ಗಿಣ್ಣು ಮುಚ್ಚುವ ಶೂಸು ಮತ್ತು ಕೈಗವಸು ಬೇಕು. ಚಪ್ಪಲಿ ಹಾಕಿದ ಕಾಲು ಒದ್ದೆಯಾದ ಫುಟ್‌ರೆಸ್ಟಿನಿಂದ ಜಾರುತ್ತದೆ, ಜಾರಿದ ಕಾಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೇಲೆ ಹೇಳಿದ್ದೇನೆ. ಹೆಲ್ಮೆಟ್ ಐಎಸ್‌ಐ ಗುರುತಿನದಾಗಿರಲಿ, ತಲೆ ಅಲ್ಲಾಡಿಸಿದರೆ ಅದೂ ಜೊತೆಗೇ ಅಲ್ಲಾಡುವಷ್ಟು ಬಿಗಿಯಾಗಿರಲಿ, ಗದ್ದದ ಪಟ್ಟಿ ಹಾಕಿರಲಿ. ಎಷ್ಟೋ ಕಡೆ ದಿನವಿಡೀ ಹತ್ತಾರು ತಲೆಗಳಿಗೆ ಒಂದೇ ಹೆಲ್ಮೆಟ್ ಬಳಸುವುದರಿಂದ, ಒಳಗೆ ಕಟ್ಟಲು ಹತ್ತಿಯ ಕರ್ಚೀಫು ಒಯ್ಯಿರಿ. ಧೂಳಿಗೆ ಕನ್ನಡಕವೂ, ಮೂಗಿಗೆ ಬಟ್ಟೆಯೂ ಬೇಕು.

ವೇಲು, ಸೀರೆಯ ಸೆರಗು, ಪಂಚೆಯ ಚುಂಗು ಇವುಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕ್ವಾಡಿನ ಹಿಂಬದಿಯಲ್ಲಿ ತಿರುಗುವ ಆಕ್ಸೆಲ್, ಕೆಲವು ಗಾಡಿಗಳಲ್ಲಿ ಚೈನು ಸಹ, ಸೀಟಿಗೆ ಬಹಳ ಹತ್ತಿರದಲ್ಲಿರುತ್ತವೆ. ಒಮ್ಮೆ ನಮ್ಮ ತಂಡದ ಹುಡುಗಿಯೊಬ್ಬಳ ವೇಲಿನ ತುದಿ ಹೀಗೆ ಸುತ್ತಿಕೊಳ್ಳತೊಡಗಿದಾಗ, ಅವಳು ಕೂಗುವ ಮೊದಲೇ ಹಿಂದೆ ಬರುತ್ತಿದ್ದ ಕೆಲಸದವರು ಕಂಡು ಗಾಡಿ ನಿಲ್ಲಿಸಿಸಿದರು. ಬಿಡಿಸಿಕೊಳ್ಳಲು ಬಟ್ಟೆಯನ್ನು ಕುಡುಗೋಲಿನಿಂದ ಕತ್ತರಿಸಬೇಕಾಯಿತು. ಕೊರಳಿಗೆ ಒಂದು ಸುತ್ತು ಸುತ್ತಿದ್ದ ವೇಲು ಅದು. ಅಂದಿನಿಂದ ನಮ್ಮ ಜೊತೆ ಬರುವ ಯಾರೇ ಆಗಲಿ ವೇಲನ್ನು ಕೋಣೆಯಲ್ಲೇ ಬಿಟ್ಟು ಬರಬೇಕು, ಜಡೆಯನ್ನು ಅಂಗಿಯೊಳಗೆ ಸೇರಿಸಬೇಕು, ತಾಳಿ ಸರವನ್ನು ಒಳಕ್ಕೆ ಹಾಕಿಕೊಳ್ಳಬೇಕು ಎಂದು ನಿಯಮ ಮಾಡಿಕೊಂಡಿದ್ದೇವೆ.

ಸವಾರಿ

ಕ್ವಾಡಿನ ಎಕ್ಸಲೇಟರ್ ಬೈಕಿನಂತೆ ತಿರುಚುವುದಲ್ಲ, ಬಲ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತುವುದು. ಹೆಚ್ಚಿನವುಗಳಿಗೆ ಕ್ಲಚ್ ಇರುವುದಿಲ್ಲ, ಮುಂದೆ, ನ್ಯೂಟ್ರಲ್, ರಿವರ್ಸ್ ಎಂಬ ಗೇರುಗಳಿರುತ್ತವೆ, ದೊಡ್ಡ ಗಾಡಿಗಳಲ್ಲಿ ಏರಿಗೆಂದು ಲೋ ಗೇರ್ ಇರುತ್ತದೆ. ಹೊಸಬರಿಗೆ ಆಗುವ ತೊಂದರೆ ಎಂದರೆ, ಗುಂಡಿಯಲ್ಲಿ ಗಾಡಿ ಕುಕ್ಕಿದಾಗ ಬಿಗಿಹಿಡಿದ ಕೈ ಹೆಬ್ಬೆರಳನ್ನೂ ಒತ್ತಿಬಿಡುತ್ತದೆ, ಗಾಡಿ ಮುಂದಕ್ಕೆ ಹಾರುತ್ತದೆ, ಗಾಬರಿಯಿಂದ ಕೈ ಇನ್ನಷ್ಟು ಬಿಗಿಯಾಗುತ್ತದೆ. ಇದಕ್ಕೆ ಪರಿಹಾರ ಮೊದಲ ಹತ್ತು ನಿಮಿಷವನ್ನು ಕಾಲ್ನಡಿಗೆಯ ವೇಗದಲ್ಲಿ ಕಳೆಯುವುದು. ಹಿಡಿತ ನಾಲ್ಕು ಬೆರಳುಗಳಲ್ಲಿರಲಿ, ಹೆಬ್ಬೆರಳು ಸಡಿಲವಾಗಿ ಎಕ್ಸಲೇಟರಿನ ಮೇಲೆ ಕೂತಿರಲಿ.

ಮೈಯ ನಿಲುವನ್ನು ವಿವರಿಸಲು ದಾವಣಗೆರೆಯವರಿಗೆ ಗರಡಿಮನೆಯ ನೆನಪು ಮಾಡಿಕೊಟ್ಟರೆ ಸಾಕು. ಅಖಾಡಕ್ಕೆ ಇಳಿದ ಪೈಲ್ವಾನ ಮೊಣಕಾಲು ಸ್ವಲ್ಪ ಮಡಿಸಿ, ಮೊಣಕೈ ಹೊರಕ್ಕೆ ಚಾಚಿ, ಎದೆ ಮುಂದಕ್ಕೆ ಬಾಗಿಸಿ, ಕಣ್ಣನ್ನು ಎದುರಾಳಿಯ ಮೇಲೆ ನೆಟ್ಟು ನಿಲ್ಲುವ ಭಂಗಿಯೇ ಇಲ್ಲಿಯೂ ಬೇಕು. ಸಮತಟ್ಟಿನಲ್ಲಿ ಕೂತಿರಬಹುದು, ಆದರೆ ಕಲ್ಲು, ಬೇರು, ಕೊರಕಲು ಎದುರಾದಾಗ ಸೀಟಿನಿಂದ ನಾಲ್ಕು ಬೆರಳಷ್ಟು ಎದ್ದು, ಭಾರವನ್ನು ಫುಟ್‌ರೆಸ್ಟಿನ ಮೇಲೆ ಹಾಕಬೇಕು. ಆಗ ಕುಕ್ಕು ಬೆನ್ನುಮೂಳೆಗೆ ತಟ್ಟದೆ ಮೊಣಕಾಲಿನಲ್ಲೇ ಕರಗುತ್ತದೆ. ಪ್ರವಾಸಕ್ಕೆ ಎರಡು ವಾರ ಮೊದಲಿನಿಂದ ದಿನಕ್ಕೆ ಇಪ್ಪತ್ತು ಮೂವತ್ತು ಬಸ್ಕಿ ಹೊಡೆದವರಿಗೆ ತೊಡೆಯ ನೋವು ಬಹಳ ಕಡಿಮೆ.

ತಿರುವಿಗೆ ಬರುವ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಹಿಡಿಯಬೇಡಿ. ಎಡಕ್ಕೆ ತಿರುಗುವಾಗ ಭುಜ ಮತ್ತು ಸೊಂಟವನ್ನು ಎಡಕ್ಕೆ ಸರಿಸಿ, ಬಲಗಾಲಿನಿಂದ ಬಲ ಫುಟ್‌ರೆಸ್ಟನ್ನು ಒತ್ತಿ. ಹೀಗೆ ಮಾಡಿದಾಗ ಒಳಬದಿಯ ಹಿಂಚಕ್ರದ ಮೇಲಿನ ಭಾರ ಸ್ವಲ್ಪ ಹಗುರಾಗಿ, ಅದು ಜಾರಿಕೊಂಡು ಗಾಡಿ ಸಲೀಸಾಗಿ ತಿರುಗುತ್ತದೆ. ಹತ್ತಿಪ್ಪತ್ತು ಸಲ ಮಾಡಿದ ಮೇಲೆ ಮೈ ತಾನಾಗಿಯೇ ಕಲಿಯುತ್ತದೆ. ಕಲಿಯುವವರೆಗೆ ಕಾಲು ನೆಲಕ್ಕೆ ಹೋಗುವ ಹಳೆಯ ಅಭ್ಯಾಸ ಕಾಯುತ್ತಲೇ ಇರುತ್ತದೆ. ಪ್ರತಿ ತಿರುವಿನ ಮುಂಚೆ "ಕಾಲು ಮೇಲೆ" ಎಂದು ಬಾಯಿಬಿಟ್ಟು ಹೇಳಿಕೊಳ್ಳುವುದು ನನಗೆ ಬಹಳ ಸಹಾಯ ಮಾಡಿತು.

ಏರು ಹತ್ತುವಾಗ ಕೆಳಗಿನಿಂದಲೇ ಲೋ ಗೇರ್ ಹಾಕಿ, ಎದೆಯನ್ನು ಹ್ಯಾಂಡಲ್ ಕಡೆಗೆ ಬಾಗಿಸಿ, ಎಕ್ಸಲೇಟರನ್ನು ಒಂದೇ ಸಮನೆ ಒತ್ತಿಕೊಂಡು ನೇರವಾಗಿ ಹತ್ತಬೇಕು. ನಡುವೆ ಎಂಜಿನ್ ನಿಂತರೆ ಬ್ರೇಕ್ ಹಿಡಿದು, ಭಾರವನ್ನು ಮುಂದಕ್ಕೇ ಇಟ್ಟುಕೊಂಡು, ಏರಿನ ಬದಿಗೆ ಇಳಿದು, ಜೊತೆಗಾರರನ್ನು ಕರೆಯಿರಿ. ಹಿಂದಕ್ಕೆ ಉರುಳತೊಡಗಿದ ಗಾಡಿಯಲ್ಲಿ ಹಿಂಬದಿಯ ಬ್ರೇಕನ್ನು ಗಕ್ಕನೆ ಹಿಡಿದರೆ ಮುಂಭಾಗ ಮೇಲೆದ್ದು ಸವಾರನ ಮೇಲೆಯೇ ಮಗುಚುತ್ತದೆ. ಭಾರದ ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಮೂತಿ ಏರಿನಲ್ಲಿ ಎದ್ದದ್ದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಇಳಿಯುವಾಗ ಇದರ ತಿರುವುಮುರುವು: ಲೋ ಗೇರ್, ಎಕ್ಸಲೇಟರ್ ಪೂರ್ತಿ ಬಿಟ್ಟು, ಭಾರ ಹಿಂದಕ್ಕೆ, ಬ್ರೇಕ್ ಮೆಲ್ಲಗೆ, ದಾರಿ ನೇರ. ಇಳಿಜಾರಿಗೆ ಅಡ್ಡಲಾಗಿ ಹೋಗುವ ದಾರಿಯನ್ನು ಹೊಸಬರು ತಪ್ಪಿಸಬೇಕು, ತಪ್ಪಿಸಲಾಗದಿದ್ದರೆ ಮೈಯನ್ನು ಪೂರ್ತಿ ಏರಿನ ಬದಿಗೆ ವಾಲಿಸಿಕೊಂಡು ನಿಧಾನವಾಗಿ ದಾಟಬೇಕು.

ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳುವುದು ಎರಡು ಸೀಟಿಗೆಂದೇ ಮಾಡಿದ, ಹಿಂದಿನವರಿಗೆ ಪ್ರತ್ಯೇಕ ಫುಟ್‌ರೆಸ್ಟ್ ಮತ್ತು ಹಿಡಿಕೆ ಇರುವ ಗಾಡಿಯಲ್ಲಿ ಮಾತ್ರ. ಸೀಟು ಉದ್ದವಿದೆ ಎಂದ ಮಾತ್ರಕ್ಕೆ ಅದು ಇಬ್ಬರಿಗಲ್ಲ. ಒಬ್ಬ ಸವಾರ ಹಿಂದೆ ಮುಂದೆ ಸರಿದಾಡಲೆಂದೇ ಆ ಉದ್ದವನ್ನು ಬಿಟ್ಟಿರುತ್ತಾರೆ.

ಹಳ್ಳ ದಾಟುವ ಮೊದಲು ಮುಂದಿನ ಗಾಡಿ ದಾಟಿ ಆಚೆ ದಡ ಹತ್ತುವವರೆಗೆ ಕಾಯಿರಿ. ನೀರು ಫುಟ್‌ರೆಸ್ಟ್ ಮುಟ್ಟುವಂತಿದ್ದರೆ ಇಳಿಯಬೇಡಿ. ದಾಟಿದ ಮೇಲೆ ಬ್ರೇಕನ್ನು ಎರಡು ಮೂರು ಸಲ ಹಗುರವಾಗಿ ಹಿಡಿದು ಬಿಟ್ಟು ಒಣಗಿಸಿಕೊಳ್ಳಬೇಕು. ಸಾಲಿನಲ್ಲಿ ಹೋಗುವಾಗ ಮುಂದಿನವರ ಧೂಳು ನಿಮ್ಮ ಕಣ್ಣು ಕಟ್ಟದಷ್ಟು ಅಂತರವಿರಲಿ, ಯಾರನ್ನೂ ಹಿಂದೆ ಹಾಕಬೇಡಿ, ನಿಲ್ಲುವಾಗ ಎಡಗೈ ಎತ್ತಿ ಹಿಂದಿನವರಿಗೆ ತಿಳಿಸಿ.

ಬಗ್ಗಿ

ಬಗ್ಗಿಯ ಮೂಲ ಅಮೆರಿಕದ ಕ್ಯಾಲಿಫೋರ್ನಿಯಾದ ಮರಳು ದಿಣ್ಣೆಗಳು. ಫೋಕ್ಸ್‌ವಾಗನ್ ಬೀಟಲ್ ಕಾರಿನ ಭಾಗಗಳನ್ನು ಬಳಸಿ ಬ್ರೂಸ್ ಮೇಯರ್ಸ್ 1964ರಲ್ಲಿ ರೂಪಿಸಿದ ಫೈಬರ್ ಮೈಯ ಹಗುರ ಗಾಡಿ ಅದನ್ನು ಜಗತ್ತಿಗೆಲ್ಲ ಪರಿಚಯಿಸಿತು. ಕಾರು ಓಡಿಸಲು ಬರುವವರಿಗೆ ಬಗ್ಗಿ ಕ್ವಾಡಿಗಿಂತ ಸುಲಭ, ಬೆಲ್ಟ್ ಮತ್ತು ಚೌಕಟ್ಟು ಇರುವುದರಿಂದ ಸರಿಯಾಗಿ ಬಳಸಿದರೆ ರಕ್ಷಣೆಯೂ ಹೆಚ್ಚು. ಮನೆಯ ಹಿರಿಯರು ಜೊತೆಗಿದ್ದರೆ ನಾನು ಬಗ್ಗಿಯನ್ನೇ ಆರಿಸುತ್ತೇನೆ.

ಬೆಲ್ಟ್ ಅನ್ನು ಸೊಂಟದಿಂದ ಶುರುಮಾಡಿ ಭುಜದವರೆಗೆ ಬಿಗಿಮಾಡಬೇಕು, ಪಕ್ಕದ ಬಲೆ ಅಥವಾ ಬಾಗಿಲು ಹಾಕಿರಬೇಕು. ಗಾಡಿ ವಾಲಿದಾಗ ನೆಲಕ್ಕೆ ಕೈ ಊರಲು ಹೋಗುವುದು ಮನುಷ್ಯ ಸ್ವಭಾವ. ಬಗ್ಗಿಯಲ್ಲಿ ಹಾಗೆ ಹೊರಬಂದ ಕೈ ಚೌಕಟ್ಟು ಮತ್ತು ನೆಲದ ನಡುವೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ಪಕ್ಕದಲ್ಲಿ ಕೂತವರು ಚೌಕಟ್ಟಿನ ಹೊರಪೈಪನ್ನು ಎಂದೂ ಹಿಡಿಯಬಾರದು, ಎದುರಿನ ಹಿಡಿಕೆಯನ್ನು ಮಾತ್ರ ಹಿಡಿಯಬೇಕು. ಓಡಿಸುವವರು ಹೆಬ್ಬೆರಳುಗಳನ್ನು ಸ್ಟೇರಿಂಗ್ ಚಕ್ರದ ಒಳಗೆ ತೂರಿಸದೆ ಅಂಚಿನ ಮೇಲೆಯೇ ಇಟ್ಟುಕೊಳ್ಳಬೇಕು, ಏಕೆಂದರೆ ಮುಂಚಕ್ರ ಕಲ್ಲಿಗೆ ಬಡಿದಾಗ ಸ್ಟೇರಿಂಗ್ ಗಿರ್ರನೆ ತಿರುಗಿ ಹೆಬ್ಬೆರಳನ್ನು ಮುರಿಯಬಲ್ಲದು.

ಮರಳಿನಲ್ಲಿ

ಜೈಸಲ್ಮೇರ್ ಪಟ್ಟಣದಿಂದ ಸುಮಾರು 40 ಕಿಲೋಮೀಟರ್ ದೂರದ ಸಮ್ ದಿಣ್ಣೆಗಳಿಗೆ, ಇಲ್ಲವೇ ದುಬೈ ಬಳಿಯ ಕೆಂಪು ಮರಳಿನ ಲಹ್ಬಾಬ್‌ಗೆ ಹೋಗುವವರಿಗೆ ಮೇಲಿನ ಒಂದು ಮಾತು ಬದಲಾಗುತ್ತದೆ. ಮರಳಿನಲ್ಲಿ ತೀರಾ ನಿಧಾನಿಸಿದರೆ ಚಕ್ರ ಹೂಳುತ್ತದೆ, ಆದ್ದರಿಂದ ಒಂದೇ ಸಮನಾದ ವೇಗ ಬೇಕು, ನಿಲ್ಲುವುದಿದ್ದರೆ ಮೂತಿ ಇಳಿಜಾರಿನ ಕಡೆಗಿರುವಂತೆ ನಿಲ್ಲಬೇಕು. ಹೂತರೆ ಎಕ್ಸಲೇಟರ್ ಒತ್ತಿದಷ್ಟೂ ಆಳಕ್ಕೆ ಹೋಗುತ್ತದೆ. ಇಳಿದು, ಚಕ್ರದ ಸುತ್ತಲಿನ ಮರಳನ್ನು ಕೈಯಿಂದ ಸರಿಸಿ, ಬಂದ ಜಾಡಿನಲ್ಲೇ ರಿವರ್ಸ್ ತೆಗೆದುಕೊಳ್ಳಿ. ದಿಣ್ಣೆಯ ಒಂದು ಬದಿಯನ್ನು ಗಾಳಿ ನಯವಾಗಿ ಕಟ್ಟಿರುತ್ತದೆ, ಇನ್ನೊಂದು ಬದಿ ಕಡಿದಾಗಿ ಇಳಿದಿರುತ್ತದೆ. ಹತ್ತುವಾಗ ಆ ಕಡಿದು ಬದಿ ಕಾಣುವುದಿಲ್ಲ. ನೆತ್ತಿಯನ್ನು ಹಾರಿ ದಾಟಲು ಹೋದವರು ಆಚೆ ಬದಿಗೆ ಮೂತಿ ಅಡಿಯಾಗಿ ಬೀಳುತ್ತಾರೆ, ಅಲ್ಲಿ ನಿಂತಿರುವವರ ಮೇಲೂ ಬೀಳಬಹುದು. ಗಾಡಿಯ ಹಿಂದೆ ಎತ್ತರದ ಕೋಲಿಗೆ ಬಾವುಟ ಕಟ್ಟುವುದು ದಿಣ್ಣೆಯ ಆಚೆಯವರಿಗೆ ಕಾಣಲೆಂದೇ, ಅದು ಮುರಿದಿದ್ದರೆ ಬೇರೆ ಗಾಡಿ ಕೇಳಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಬೆಳಗಿನ ಹೊತ್ತು ಅಥವಾ ಇಳಿಸಂಜೆ ಇದಕ್ಕೆ ಸರಿಯಾದ ಸಮಯ.

ಪೆಟ್ಟಾದರೆ, ಮತ್ತು ಮುಗಿದ ಮೇಲೆ

ಕ್ವಾಡ್ ಉರುಳುತ್ತಿದೆ ಎಂದು ತಿಳಿದ ಕೂಡಲೇ ಅದನ್ನು ತಡೆಯಲು ಹೋಗದೆ ಕೈಬಿಟ್ಟು, ಏರಿನ ಬದಿಗೆ ದೂರ ಸರಿಯಬೇಕು. ಗಾಡಿ ಹೋದರೆ ಹೋಗಲಿ. ಬಿದ್ದವರು ಕುತ್ತಿಗೆ ಅಥವಾ ಬೆನ್ನು ನೋವೆಂದರೆ ಎತ್ತಿ ಕೂರಿಸಬೇಡಿ, ಹೆಲ್ಮೆಟ್ ಎಳೆದು ತೆಗೆಯಬೇಡಿ, ಎಂಜಿನ್ ಆರಿಸಿ 108ಕ್ಕೆ ಕರೆ ಮಾಡಿ. ಮಲೆನಾಡಿನ ತೋಟಗಳಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದನ್ನು ಹೊರಡುವಾಗಲೇ ಕೇಳಿಟ್ಟುಕೊಂಡಿದ್ದರೆ ಆ ಹೊತ್ತಿನಲ್ಲಿ ಬಹಳ ಸಮಯ ಉಳಿಯುತ್ತದೆ. ಹೊಟ್ಟೆಗೆ ಹ್ಯಾಂಡಲ್ ಬಡಿದಿದ್ದರೆ, ಮೇಲೆ ಗಾಯ ಕಾಣದಿದ್ದರೂ ವೈದ್ಯರಿಗೆ ತೋರಿಸಲೇಬೇಕು.

ಸುಖವಾಗಿ ಮುಗಿದರೆ, ಇಳಿದ ತಕ್ಷಣ ಸೈಲೆನ್ಸರ್ ಬದಿಗೆ ಕಾಲು ತಾಗಿಸಬೇಡಿ, ಅದು ಬಹಳ ಹೊತ್ತು ಸುಡುತ್ತಿರುತ್ತದೆ. ಒಂದು ಗಂಟೆಯ ಸವಾರಿಯ ನಂತರ ಬಲ ಹೆಬ್ಬೆರಳು ಮರಗಟ್ಟಿ, ಮುಂಗೈ ನಡುಗುವುದು ಸಹಜ. ಅದೇ ದಿನ ಕಾರು ಹತ್ತಿ ದಾವಣಗೆರೆಗೆ ಹೊರಡುವ ಅವಸರ ಬೇಡ, ರಾತ್ರಿ ಉಳಿದು ಬೆಳಗ್ಗೆ ಹೊರಡಿ. ತೊಡೆ ಮತ್ತು ಭುಜದ ನೋವು ಎರಡನೆಯ ದಿನ ಹೆಚ್ಚಾಗಿ, ಮೂರನೆಯ ದಿನದಿಂದ ಇಳಿಯುತ್ತದೆ. ಮಣ್ಣು ಹತ್ತಿದ ಬಟ್ಟೆಯನ್ನು ಒಣಗಲು ಬಿಟ್ಟು, ಕೊಡವಿ, ಆಮೇಲೆ ತಣ್ಣೀರಿನಲ್ಲಿ ನೆನೆಸಿ. ಒದ್ದೆ ಇರುವಾಗಲೇ ಉಜ್ಜಿದರೆ ಮಲೆನಾಡಿನ ಕೆಮ್ಮಣ್ಣಿನ ಕಲೆ ಬಟ್ಟೆಯಲ್ಲಿ ಉಳಿದುಬಿಡುತ್ತದೆ.